ಖಾಲಿ ಸೈಟು, ಹುತ್ತ ಮತ್ತು ಇಪ್ಪತ್ತೊಂದು ಸುತ್ತು

ಶೂ ಲೇಸು ಬಿಚ್ಚಿಹೋಗಬಹುದು. ಬಿಚ್ಚಿದ ಲೇಸನ್ನು ತಾನೇ ತುಳಿದು ಬೀಳಬಹುದು. ಬಿದ್ದರೆ ಮಂಡಿ ತರಚಬಹುದು. ಮಂಡಿಯಾದರೆ ವಾಸಿ, ಮುಂದಿನ ಹಲ್ಲು ಹೋದರೆ ಅದು ಮತ್ತೆ ಹುಟ್ಟುವ ವಯಸ್ಸು ದಾಟಿತ್ತು. ಬೆಳಿಗ್ಗೆ ತಿಂದ ಎರಡು ಇಡ್ಲಿ ಅರ್ಧ ದಾರಿಯಲ್ಲಿ ವಾಪಸ್ಸು ಬರಬಹುದು. ತಿನ್ನದೆ ಬಿಟ್ಟ ಮೂರನೆಯ ಇಡ್ಲಿಯಿಂದಾಗಿ ತಲೆ ತಿರುಗಬಹುದು. ರಿಹರ್ಸಲ್ ದಿನ ಜ್ವರ ಬಂದು ಶಾಲೆಗೇ ಹೋಗಿರಲಿಲ್ಲ, ಆ ಜ್ವರ ಮತ್ತೆ ಮರುಕಳಿಸಬಹುದು. ಬಿಸಿಲಿಗೆ ಮೂಗಿನಲ್ಲಿ ರಕ್ತ ಬರಬಹುದು. ಪಕ್ಕದ ಹುಡುಗಿಯ ಮೊಣಕೈ ಇವಳಿಗೆ ತಾಗಬಹುದು. ಇವಳ ಮೊಣಕೈ ಆ ಹುಡುಗಿಗೆ ತಾಗಿ, ಅವಳ ತಾಯಿ ನನ್ನನ್ನು ಹುಡುಕಿಕೊಂಡು ಬರಬಹುದು. ಯಾರಾದರೂ ‘ಡುಮ್ಮಿ’ ಎಂದು ಕೂಗಬಹುದು. ಕೂಗಿದ್ದು ಇವಳಿಗೆ ಕೇಳಿಸಬಹುದು. ಕೇಳಿಸಿ ನಿಂತಲ್ಲೇ ನಿಂತುಬಿಡಬಹುದು. ಕೊನೆಯವಳಾಗಿ ಬರಬಹುದು. ಕೊನೆಯವಳಾಗಿ ಬಂದದ್ದಕ್ಕೆ ಜನ ಮೊದಲು ಬಂದವಳಿಗಿಂತ ಜೋರಾಗಿ ಚಪ್ಪಾಳೆ ತಟ್ಟಬಹುದು. ಅದು ಎಲ್ಲಕ್ಕಿಂತ ಕೆಟ್ಟದ್ದು.

ಶಾಲೆಯ ಕ್ರೀಡಾದಿನದಂದು, ಶಾಮಿಯಾನದಡಿಯ ಪ್ಲಾಸ್ಟಿಕ್ ಕುರ್ಚಿಯಲ್ಲಿ ಕೂತು, ನಾನು ಈ ಪಟ್ಟಿಯನ್ನು ಮನಸ್ಸಿನಲ್ಲೇ ಎರಡನೆಯ ಸಲ ಓದಿಕೊಳ್ಳುತ್ತಿದ್ದೆ. ವಿಮಾ ಕಂಪನಿಯೊಂದರ ಕ್ಲೇಮು ವಿಭಾಗದಲ್ಲಿ ಇಪ್ಪತ್ತು ವರ್ಷ ಕೂತವನು ನಾನು. ಏನೇನು ಕೆಡಬಹುದು ಎಂದು ಊಹಿಸುವುದಕ್ಕೇ ನನಗೆ ಸಂಬಳ. ಮನೆಗೆ ಬಂದ ಮೇಲೆ ಅದೇ ಕೆಲಸವನ್ನು ಪುಕ್ಕಟೆಯಾಗಿ ಮುಂದುವರಿಸುತ್ತೇನೆ.

ಮೈದಾನದಲ್ಲಿ ಐದನೇ ಕ್ಲಾಸಿನ ಆರು ಹುಡುಗಿಯರು ಸಾಲಾಗಿ ನಿಂತಿದ್ದರು. ಐವರು ತೆಳ್ಳಗೆ ಉದ್ದಕ್ಕೆ ಬೀನ್ಸ್ ಕಾಯಿಗಳ ಹಾಗಿದ್ದರು. ಆರನೆಯವಳು ನನ್ನ ಮಗಳು. ಆ ಮೈಕಟ್ಟು ಅವಳಿಗೆ ಎಲ್ಲಿಂದ ಬಂತು ಎಂದು ಯಾರೂ ಕೇಳುವುದಿಲ್ಲ, ಪಕ್ಕದಲ್ಲಿ ನಾನಿರುತ್ತೇನೆ. ಓಟಕ್ಕೆ ಹೆಸರು ಕೊಟ್ಟದ್ದು ಅವಳೇ, ನಮ್ಮನ್ನು ಕೇಳದೆ. ಹಿಂದಿನ ದಿನ ಸಂಜೆ ಕ್ಯಾನ್ವಾಸ್ ಶೂಗೆ ಬಿಳಿ ಪಾಲಿಶ್ ಹಚ್ಚುತ್ತಾ, ತಲೆ ಎತ್ತದೆ, ಒಂದು ಮಾತು ಹೇಳಿದ್ದಳು.

“ಅಪ್ಪಾ, ಲಾಸ್ಟ್ ಬಂದ್ರೆ ನಾನು ಇನ್ಮೇಲೆ ಎಲ್ಲೂ ಓಡಲ್ಲ. ಆಮೇಲೆ ನೀನು ಬಲವಂತ ಮಾಡಂಗಿಲ್ಲ.”

ಆಗಲಿ ಎಂದಿದ್ದೆ. ಅವಳು ಓಡುವಂತಾಗಲು ನಾನು ಎಂಥೆಂಥ ಕೆಲಸ ಮಾಡಿದ್ದೆ ಎಂಬುದು ಅವಳಿಗೆ ಗೊತ್ತಿರಲಿಲ್ಲ. ಗೊತ್ತಿದ್ದದ್ದು ಒಬ್ಬರಿಗೇ. ಅವರು ಎಂಬತ್ತು ದಾಟಿದ ಅಜ್ಜಿ, ಆ ಹೊತ್ತು ನನ್ನ ಪಕ್ಕದ ಕುರ್ಚಿಯಲ್ಲಿ ಎಲೆ-ಅಡಿಕೆಯ ಚೀಲ ಬಿಚ್ಚುತ್ತಾ ಕೂತಿದ್ದರು.

ಮಗಳ ತೂಕಕ್ಕೆ ನಮ್ಮ ಬಡಾವಣೆಯೇ ಕಾರಣ ಎಂದು ನಾನು ಹೇಳಿದರೆ ನನ್ನ ಹೆಂಡತಿ ನಗುತ್ತಾಳೆ. ಬಡಾವಣೆ ಬಂದು ಬಾಯಿಗೆ ತುರುಕಿತಾ ಎಂದು ಕೇಳುತ್ತಾಳೆ. ನಡೆದದ್ದು ಅಕ್ಷರಶಃ ಅದೇ.

ಏರ್‌ಪೋರ್ಟು ದೇವನಹಳ್ಳಿಯ ಕಡೆಗೆ ಹೋದ ವರ್ಷ ನಾವು ಕೊಡಿಗೆಹಳ್ಳಿಯ ಈ ಲೇಔಟಿಗೆ ಬಂದೆವು. ಆಗ ನಮ್ಮ ಕ್ರಾಸಿನಲ್ಲಿದ್ದದ್ದು ಐದು ಮನೆ, ಒಂಬತ್ತು ಖಾಲಿ ಸೈಟು. ಖಾಲಿ ಸೈಟೆಂದರೆ ಒಂದಷ್ಟು ಹರಳು ಗಿಡ, ಒಂದಷ್ಟು ಕಟ್ಟಡದ ಕಸ, ನಡುವೆ ಮಕ್ಕಳು ತುಳಿದು ತುಳಿದು ನುಣ್ಣಗೆ ಮಾಡಿದ ಕೆಂಪು ನೆಲ. ಒಂದರಲ್ಲಿ ಕ್ರಿಕೆಟ್ಟು, ಒಂದರಲ್ಲಿ ಲಗೋರಿ, ಹುಡುಗಿಯರು ಜಗಳ ಆಡಿಕೊಂಡಾಗ ಹೋಗಿ ಕೂರಲು ಇನ್ನೊಂದು. ಮಗಳು ಹುಟ್ಟಿದಾಗ ಅವಳಿಗೆ ಒಂಬತ್ತು ಮೈದಾನಗಳಿದ್ದವು.

ಆಮೇಲೆ ವರ್ಷಕ್ಕೊಂದು ಸೈಟಿನಂತೆ ಮನೆ ಎದ್ದವು. ನಮ್ಮಲ್ಲಿ ಸೈಟು ಸುಮ್ಮನೆ ಮನೆಯಾಗುವುದಿಲ್ಲ, ತಿನ್ನಿಸುತ್ತಾ ತಿನ್ನಿಸುತ್ತಾ ಆಗುತ್ತದೆ. ಗುದ್ದಲಿ ಪೂಜೆಗೆ ಕೋಸಂಬರಿ, ಲಾಡು. ಬಾಗಿಲು ನಿಲ್ಲಿಸುವ ಪೂಜೆಗೆ ಸಿಹಿ ಪೊಂಗಲ್. ಮೋಲ್ಡು ಹಾಕಿದ ದಿನ ಅಕ್ಕಪಕ್ಕದ ಮನೆಗಳಿಗೆಲ್ಲ ಮೈಸೂರು ಪಾಕಿನ ಡಬ್ಬ. ಕೊನೆಗೆ ಗೃಹಪ್ರವೇಶ: ಶಾಮಿಯಾನ, ಬಾಳೆ ಎಲೆ, ಒಬ್ಬಟ್ಟು. ಮನೆಯವರು ಕ್ರಾಸಿನ ಮಕ್ಕಳನ್ನು ಹುಡುಕಿ ಹುಡುಕಿ ಕರೆದು ಬಡಿಸುತ್ತಿದ್ದರು. ಆಡುವ ಜಾಗ ಕಿತ್ತುಕೊಂಡಿದ್ದೇವೆಂಬ ಅಳುಕು ಅವರಿಗೂ ಒಳಗೊಳಗೇ ಇದ್ದಿರಬೇಕು. ಹೀಗೆ ಒಂದು ಮೈದಾನ ಹೋದಾಗ ನಾಲ್ಕು ಸಲ ಸಿಹಿ ಬರುತ್ತಿತ್ತು. ಮಕ್ಕಳು ಇದನ್ನು ನ್ಯಾಯವಾದ ವ್ಯವಹಾರವೆಂದೇ ತಿಳಿದಿದ್ದವು. ಎಂಟನೆಯ ಗೃಹಪ್ರವೇಶ ಮುಗಿದಾಗ ಮಗಳು ನಾಲ್ಕನೇ ಕ್ಲಾಸು. ಉಳಿದಿದ್ದ ಖಾಲಿ ಸೈಟು ಒಂದೇ.

ಬೇರೆಯವರನ್ನು ಬೈಯುವ ಹಕ್ಕು ನನಗಿಲ್ಲ. ಆ ಎಂಟರಲ್ಲಿ ಒಂದು ನಮ್ಮದೇ. ಬಾಡಿಗೆ ಮನೆಯಿಂದ ಎದುರಿನ ಸೈಟಿಗೆ ಮನೆ ಕಟ್ಟಿಕೊಂಡು ಹೋದಾಗ, ಅಲ್ಲಿ ಗೋಲಿ ಆಡುತ್ತಿದ್ದ ಹುಡುಗರಿಗೆ ಎರಡೆರಡು ಒಬ್ಬಟ್ಟು, ಮೇಲೆ ತುಪ್ಪ ಬಡಿಸಿ, ತಿನ್ರೋ ತಿನ್ರೋ ಎಂದು ಬೆನ್ನು ತಟ್ಟಿದವನು ನಾನು.

ಆ ವರ್ಷವೇ ಶಾಲೆಯಿಂದ ಆರೋಗ್ಯ ತಪಾಸಣೆಯ ಕಾರ್ಡು ಬಂತು. ತೂಕದ ಅಂಕಿಯ ಸುತ್ತ ಯಾರೋ ಕೆಂಪು ಶಾಯಿಯಲ್ಲಿ ದುಂಡಗೆ ಒಂದು ಸೊನ್ನೆ ಸುತ್ತಿದ್ದರು. ಆ ಸೊನ್ನೆಯೂ ನನ್ನ ಕಣ್ಣಿಗೆ ದಪ್ಪಗೇ ಕಂಡಿತು. ನಾನು ಕಾರ್ಡು ಹಿಡಿದು ಸಹಕಾರನಗರದ ನಮ್ಮ ಡಾಕ್ಟರ ಹತ್ತಿರ ಓಡಿದೆ. ಅವರು ಊಟದ ಬಗ್ಗೆ ಹೆಚ್ಚು ಹೇಳಲಿಲ್ಲ. ದಿನಾ ಒಂದು ಗಂಟೆ ಮಗು ಬಯಲಲ್ಲಿ ಓಡಿಯಾಡಲಿ ಎಂದರು. ಎಲ್ಲಿ ಓಡಿಸಲಿ ಎಂದು ಕೇಳಿದೆ. ಅವರು ಕಿಟಕಿಯಿಂದ ಹೊರಗೆ ನೋಡಿದರು. ಫುಟ್‌ಪಾತಿನ ಮೇಲೆ ಒಂದು ಟ್ರಾನ್ಸ್‌ಫಾರ್ಮರು, ಮೂರು ಬೈಕು, ಒಂದು ಪಾನಿಪುರಿ ಗಾಡಿ. ಅವರು ಕಿಟಕಿಯಿಂದ ಕಣ್ಣು ತೆಗೆದು, ಒಂದು ಟಾನಿಕ್ ಬರೆದುಕೊಟ್ಟರು.

ಮೊದಲು ಪಾರ್ಕಿಗೆ ಕರೆದೊಯ್ದೆ. ಗೇಟಿನಲ್ಲೇ ಬೋರ್ಡು: ಚೆಂಡಾಟ ಕೂಡದು, ಸೈಕಲ್ ಕೂಡದು, ಹುಲ್ಲಿನ ಮೇಲೆ ಕಾಲಿಡಕೂಡದು, ಓಡಕೂಡದು. ಮಗಳು ಬೋರ್ಡು ಓದದೆ ಅರ್ಧ ಸುತ್ತು ಓಡಿಬಿಟ್ಟಳು. ಮಂಕಿ ಕ್ಯಾಪಿನ ಹಿರಿಯರೊಬ್ಬರು ಅವಳನ್ನು ನಿಲ್ಲಿಸಿ, ನನ್ನನ್ನು ಕರೆದು, ಪಾರ್ಕಿರೋದು ಆರೋಗ್ಯಕ್ಕೆ, ಆಟಕ್ಕಲ್ಲ ಎಂದು ತಿಳಿಸಿ ಹೇಳಿದರು.

ಆಮೇಲೆ ಶಾಲೆಗೆ ಬಸ್ಸು ಬಿಡಿಸಿ ನಡೆಸಿಕೊಂಡು ಹೋಗೋಣವೆಂದುಕೊಂಡೆ. ಒಂದು ಕಿಲೋಮೀಟರೂ ಇಲ್ಲ. ಆದರೆ ನಮ್ಮ ಕಡೆ ಸಮವಸ್ತ್ರದ ಮಗು ನಡೆದುಕೊಂಡು ಹೋಗುವುದನ್ನು ನೋಡಿ ಗಾಡಿ ನಿಲ್ಲಿಸದವನು ಮನುಷ್ಯನಲ್ಲ. ಮೊದಲ ದಿನ ಮೂರು ಸ್ಕೂಟರು ನಿಂತವು. ಗಾಡಿ ಕೆಟ್ಟೋಯ್ತಾ ಸರ್ ಎಂದು ಕೇಳುತ್ತಲೇ ಮಗಳ ಬ್ಯಾಗು ಕಸಿದು ಮುಂದೆ ಇಟ್ಟುಕೊಳ್ಳುತ್ತಿದ್ದರು. ಬೇಡ, ನಡೆಯಲಿ, ಮೈಗೆ ಒಳ್ಳೆಯದು ಎಂದರೆ, ಅಯ್ಯೋ ಪಾಪ ಮಗು ಎಂದು ನನ್ನನ್ನು ಗುರಾಯಿಸುತ್ತಿದ್ದರು. ನಾಲ್ಕನೆಯ ದಿನ ಒಬ್ಬರು ಕಾರಿನಲ್ಲಿ ಕೂರಿಸಿಕೊಂಡು ಹೋಗಿ, ದಾರಿಯಲ್ಲಿ ಬೇಕರಿಯ ಹತ್ತಿರ ನಿಲ್ಲಿಸಿ, ಎಗ್ ಪಫ್ಸು ಕೊಡಿಸಿಯೂ ಬಿಟ್ಟರು. ವಾರದೊಳಗೆ ನನ್ನ ಕೆಲಸ ಹೋಗಿದೆಯೆಂದು ಕ್ರಾಸಿನಲ್ಲಿ ಸುದ್ದಿಯಾಯಿತು. ಎದುರು ಮನೆಯ ಮೇಡಂ ನನ್ನ ಹೆಂಡತಿಯ ಕೈ ಹಿಡಿದು, ಎಲ್ಲಾ ಸರಿ ಹೋಗತ್ತೆ ಎಂದು ಸಮಾಧಾನ ಹೇಳಿ, ಒಂದು ಡಬ್ಬಿ ಬಿಸಿಬೇಳೆಬಾತ್ ಕೊಟ್ಟರು. ತುಪ್ಪ ಚೆನ್ನಾಗಿ ಬಿದ್ದಿತ್ತು. ಮಗಳು ಎರಡು ಸಲ ಹಾಕಿಸಿಕೊಂಡಳು. ನಾನೂ ಹಾಕಿಸಿಕೊಂಡೆ.

ಹಾಗಾಗಿ ಉಳಿದದ್ದು ಆ ಒಂಬತ್ತನೆಯ ಸೈಟು. ನಮ್ಮ ಕಾಂಪೌಂಡಿಗೆ ಅಂಟಿಕೊಂಡೇ ಇತ್ತು. ಈ ಲೇಔಟಿನ ನೆಲವೆಲ್ಲ ಒಂದು ಕಾಲದಲ್ಲಿ ಯಾವ ಮನೆತನದ ಹೊಲವಾಗಿತ್ತೋ, ಆ ಮನೆಯವರು ಮಾರದೆ ಇಟ್ಟುಕೊಂಡ ಜಾಗ ಅದು. ಮನೆಯ ಹಿರಿಯರೇ ಆ ಎಂಬತ್ತರ ಅಜ್ಜಿ; ಕ್ರಾಸಿನ ಮೂಲೆಯ ನಾಲ್ಕಂತಸ್ತಿನ ಮನೆಯಲ್ಲಿ ಮಗನ ಜೊತೆ ಇದ್ದರು. ಮಗ ಬಿಲ್ಡರು. ಸೈಟಿನ ನಡುವೆ ಸೊಂಟದೆತ್ತರ ಬೆಳೆದ ಒಂದು ಹುತ್ತವಿತ್ತು. ಮಕ್ಕಳು ಐಸ್‌ಪೈಸ್ ಆಡುವಾಗ ಕಣ್ಣು ಮುಚ್ಚಿ ಎಣಿಸುತ್ತಿದ್ದದ್ದು ಅದಕ್ಕೆ ಹಣೆ ಆನಿಸಿಕೊಂಡೇ. ನನ್ನ ಮಗಳು ಓಟದಲ್ಲಿ ಎಲ್ಲರಿಗಿಂತ ಹಿಂದೆ, ಆದರೆ ಲಗೋರಿಯ ಗುರಿಯಲ್ಲಿ ಎಲ್ಲರಿಗಿಂತ ಮುಂದೆ. ಅದಕ್ಕೇ ಅವಳನ್ನು ಯಾವ ಗುಂಪೂ ಬಿಡುತ್ತಿರಲಿಲ್ಲ. ಅವಳು ದಿನಕ್ಕೆ ಅರ್ಧ ಗಂಟೆಯಾದರೂ ಬೆವರು ಸುರಿಸುತ್ತಿದ್ದ ಜಾಗ ಇಡೀ ಉತ್ತರ ಬೆಂಗಳೂರಿನಲ್ಲಿ ಅದೊಂದೇ.

ಅವಳು ಐದನೇ ಕ್ಲಾಸಿಗೆ ಹೋದ ಆಷಾಢದಲ್ಲಿ ಬಿಲ್ಡರು ಟೇಪು ಹಿಡಿದುಕೊಂಡು ಬಂದರು. ಶ್ರಾವಣಕ್ಕೆ ಗುದ್ದಲಿ ಪೂಜೆ, ನಾಲ್ಕು ಫ್ಲೋರು ಪೀಜಿ ಎಂದರು. ನನ್ನ ಮುಖ ನೋಡಿ ಏನನ್ನಿಸಿತೋ, ಸಿಹಿ ಜೋರಾಗೇ ಮಾಡಿಸ್ತೀನಿ ಸರ್, ಮಗೂನ ಕಳ್ಸಿ ಎಂದೂ ಸೇರಿಸಿದರು.

ಎರಡು ದಿನ ನಾನು ಊಟ ಬಿಟ್ಟೆ. ಸರಿಯಾಗಿ ಹೇಳಬೇಕೆಂದರೆ ಎರಡನೆಯ ಸಲ ಹಾಕಿಸಿಕೊಳ್ಳುವುದನ್ನು ಬಿಟ್ಟೆ. ಮೂರನೆಯ ದಿನ ಪಕ್ಕದ ರಸ್ತೆಯಲ್ಲಿ ಹೋಗುವಾಗ ಒಂದು ಅಪಾರ್ಟ್‌ಮೆಂಟಿನ ಕಾಂಪೌಂಡು ಅಡ್ಡಾದಿಡ್ಡಿ ತಿರುಗಿಕೊಂಡು ಹೋಗಿರುವುದು ಕಣ್ಣಿಗೆ ಬಿತ್ತು. ಗೋಡೆಯಾಚೆ ಒಂದು ಹುತ್ತ, ಅದರ ತುಂಬ ಅರಿಶಿನ ಕುಂಕುಮ. ಸೆಂಟಿಮೀಟರಿಗೂ ಜಗಳವಾಡುವ ಊರಿನಲ್ಲಿ ಒಂದು ಚಿಟಿಕೆ ಅರಿಶಿನ ಇಷ್ಟಗಲ ಜಾಗ ಬಿಡಿಸಿತ್ತು.

ನಾನು ದೇವರನ್ನು ನಂಬುವವನಲ್ಲ. ಅದಕ್ಕೇ ಹೆದರಿಕೆ ಎರಡರಷ್ಟು. ನಂಬುವವನು ತಪ್ಪು ಮಾಡಿದರೆ ಕೈ ಮುಗಿದು ಕ್ಷಮೆ ಕೇಳಬಹುದು, ನನಗೆ ಆ ಕೌಂಟರೂ ಮುಚ್ಚಿತ್ತು. ದೇವರಿಲ್ಲದಿದ್ದರೆ ಸರಿ, ಇದ್ದರೆ? ಬಿಲ್ಡರಿಗೆ ಗೊತ್ತಾದರೆ? ಹೆಂಡತಿಗೆ ಗೊತ್ತಾದರೆ? ಎಲ್ಲಕ್ಕಿಂತ ಮೊದಲು, ಒಳಗೆ ಹಾವಿದ್ದರೆ?

ಮಾರನೆಯ ಬೆಳಿಗ್ಗೆ ಐದೂವರೆಗೆ, ಹಾಲು ತರುವ ನೆಪದಲ್ಲಿ ಹೊರಟೆ. ದೇವರ ಗೂಡಿನ ಅರಿಶಿನ ಕುಂಕುಮದ ಬಟ್ಟಲು, ನಾಲ್ಕು ದಾಸವಾಳ, ಅರ್ಧ ಪ್ಯಾಕೆಟ್ ಹಾಲು. ಕಾಲಿಗೆ ಮಳೆಗಾಲದ ಗಮ್‌ಬೂಟು. ಹಾವಿಗೆ ಮುನ್ಸೂಚನೆಯಾಗಲೆಂದು ನೆಲವನ್ನು ಧಪಧಪ ತುಳಿಯುತ್ತಾ ಹತ್ತಿರ ಹೋದೆ. ಹುತ್ತದಿಂದ ಒಂದು ಮಾರು ದೂರ ನಿಂತು, ಸಾಂಬಾರಿನ ಉದ್ದ ಸೌಟಿನಿಂದ ಹಾಲು ಹುಯ್ದೆ. ಅರಿಶಿನವನ್ನು ಹಚ್ಚಲಿಲ್ಲ, ಎರಚಿದೆ. ಕೈ ಮುಗಿಯಬೇಕೋ ಬೇಡವೋ ತಿಳಿಯಲಿಲ್ಲ. ಸೌಟು ಹಿಡಿದ ಕೈಯಲ್ಲೇ ಮುಗಿದಂತೆ ಮಾಡಿ, ಓಡಿಬಂದೆ.

ಸಂಜೆ ಆಫೀಸಿನಿಂದ ಬರುವಷ್ಟರಲ್ಲಿ ಹುತ್ತದ ಮುಂದೆ ಎರಡು ಊದುಬತ್ತಿ ಉರಿಯುತ್ತಿದ್ದವು. ಅವು ನನ್ನವಲ್ಲ. ಮಾರನೆಯ ದಿನ ಒಂದು ತೆಂಗಿನಕಾಯಿ, ಅದರ ಮಾರನೆಯ ದಿನ ಹತ್ತಿಯ ಗೆಜ್ಜೆವಸ್ತ್ರ. ಬಿಲ್ಡರು ಬಂದು ನೋಡಿ ಚಪ್ಪಲಿ ಬಿಟ್ಟರು. ನಾಗಪ್ಪನ ಜಾಗ ಸರ್, ನಾವ್ ಮುಟ್ಟಕ್ಕಾಗತ್ತಾ ಎಂದು ನನ್ನನ್ನೇ ಕೇಳಿದರು. ಪೀಜಿ ರಾಜಾನುಕುಂಟೆಯ ಕಡೆಗೆ ಹೋಯಿತು. ನಾನು ಗೆದ್ದಿದ್ದೆ. ಆ ವಾರ ಮಕ್ಕಳು ಲಗೋರಿ ಆಡುವುದನ್ನು ಟೆರೇಸಿನಿಂದ ನೋಡುತ್ತಾ, ಕ್ಲೇಮು ವಿಭಾಗದಲ್ಲಿ ಯಾರಿಗೂ ಸಿಗದ ನೆಮ್ಮದಿಯಲ್ಲಿ ಕಾಫಿ ಕುಡಿದೆ.

ನಾಗರಪಂಚಮಿ ಬಂತು. ಹಿಂದೆಲ್ಲ ತನಿ ಎರೆಯಲು ನಮ್ಮ ಹೆಂಗಸರು ಆಟೋ ಮಾಡಿಕೊಂಡು ದೂರ ಹೋಗಬೇಕಿತ್ತು; ಈಗ ಹುತ್ತ ಮನೆ ಬಾಗಿಲಲ್ಲೇ ಎದ್ದಿತ್ತು. ಅಂದು ಹರಿದ ಹಾಲು ನಮ್ಮ ಗೇಟಿನವರೆಗೂ ಬಂತು. ಹದಿನೈದು ದಿನದಲ್ಲಿ ತಗಡಿನ ಚಪ್ಪರ, ಸುತ್ತ ಇಟ್ಟಿಗೆಯ ಕಟ್ಟೆ, ಒಂದು ಗಂಟೆ. ಆಮೇಲೆ ಬೋರ್ಡು: ಚಪ್ಪಲಿ ಹೊರಗೆ ಬಿಡಿ, ಚೆಂಡಾಟ ಕೂಡದು. ಆ ‘ಕೂಡದು’ ನೋಡಿದಾಗಲೇ ನನಗೆ ಪಾರ್ಕಿನ ಗೇಟು ನೆನಪಾಯಿತು.

ಲಗೋರಿಯ ಜಾಗದಲ್ಲಿ ಪ್ರಸಾದ ಬಂತು. ಕ್ರಾಸಿನ ಹೆಂಗಸರೆಲ್ಲ ಸೇರಿ ಸರದಿ ಹಾಕಿಕೊಂಡರು. ಸೋಮವಾರ ಸಿಹಿ ಪೊಂಗಲ್, ಮಂಗಳವಾರ ತಂಬಿಟ್ಟು, ಬುಧವಾರ ಕಡಲೆಕಾಳಿನ ಉಸಲಿ, ಗುರುವಾರ ಪುಳಿಯೋಗರೆ, ಶುಕ್ರವಾರ ಸಜ್ಜಿಗೆ, ಭಾನುವಾರ ಎರಡು ಬಗೆ. ಶನಿವಾರ ನನ್ನ ಹೆಂಡತಿಯ ಸರದಿ. ಅವಳು ಎಳ್ಳು ಬೆಲ್ಲದ ಮೇಲೆ ಕೊಬ್ಬರಿ, ಕೊಬ್ಬರಿಯ ಮೇಲೆ ತುಪ್ಪ ಹಾಕಿ ಚಿಗಳಿ ಮಾಡುತ್ತಿದ್ದಳು. ಸಂಜೆ ಐದಕ್ಕೆ ಗಂಟೆ ಬಾರಿಸಿದರೆ ಮಕ್ಕಳೆಲ್ಲ ಬಂದು ಕಟ್ಟೆಯ ಸುತ್ತ ಸಾಲಾಗಿ ಕೂರುತ್ತಿದ್ದವು, ಕೈಯಲ್ಲೊಂದು ದೊನ್ನೆ. ಬೇಡ ಎನ್ನುವ ಹಾಗಿಲ್ಲ, ಪ್ರಸಾದ. ಇನ್ನೂ ಬೇಕು ಎನ್ನಬಹುದು, ಪ್ರಸಾದ. ಮಿಕ್ಕದ್ದನ್ನು ಚೆಲ್ಲಬಾರದೆಂದು ಮಕ್ಕಳಿಗೇ ಬಡಿಸುತ್ತಿದ್ದರು. ಒಂದು ಮನೆ ಎದ್ದಿದ್ದರೆ ನಾಲ್ಕೇ ಸಲ ಸಿಹಿ ಸಿಗುತ್ತಿತ್ತು. ನಾನು ಅದನ್ನು ತಡೆದು, ವಾರಕ್ಕೆ ಏಳು ದಿನ ಏನಾದರೊಂದು ಸಿಗುವ ಹಾಗೆ ಮಾಡಿದ್ದೆ.

ಭಾದ್ರಪದ ಮುಗಿಯುವಷ್ಟರಲ್ಲಿ ಡಾಕ್ಟರ ತಕ್ಕಡಿಯ ಮುಳ್ಳು ಎರಡು ಕೇಜಿ ಮುಂದೆ ಹೋಗಿತ್ತು. ಮಗಳು ಶಾಲೆಯ ಬಸ್ಸಿನ ಮೆಟ್ಟಿಲು ಹತ್ತುವಾಗ ಕಂಬಿ ಹಿಡಿದು ಒಂದು ಕ್ಷಣ ನಿಲ್ಲುತ್ತಿದ್ದಳು. ಹಿಂದಿನಿಂದ ಯಾರೋ ಏನೋ ಅಂದರೆ ತಿರುಗಿ ನೋಡುತ್ತಿರಲಿಲ್ಲ. ಒಂದು ಸಂಜೆ ಅವಳ ಲಗೋರಿ ಕಲ್ಲುಗಳು, ಏಳೂ, ಚಪ್ಪಲಿ ಸ್ಟ್ಯಾಂಡಿನ ಹಿಂದೆ ಪೇರಿಸಿಟ್ಟದ್ದು ಕಂಡಿತು. ಯಾಕೆ ಇಲ್ಲಿಟ್ಟಿದ್ದೀ ಎಂದರೆ, ಇನ್ನೆಲ್ಲಿ ಆಡ್ಲಿ ಎಂದಳು. ಅದು ಪ್ರಶ್ನೆಯೂ ಆಗಿರಲಿಲ್ಲ.

ಆ ವಾರವೇ ಅಜ್ಜಿ ನನ್ನನ್ನು ಕರೆದದ್ದು. ಪ್ರಸಾದದ ಹೊತ್ತು ಮುಗಿದಿತ್ತು, ಅವರೊಬ್ಬರೇ ಕಟ್ಟೆಯ ಮೇಲೆ ಕಾಲು ಇಳಿಬಿಟ್ಟು ಕೂತಿದ್ದರು.

“ಬಾರಪ್ಪಾ ಇಲ್ಲಿ. ಈ ಉತ್ತಕ್ಕೆ ಮೊದ್ಲು ಅರಿಸ್ಣ ಇಕ್ದೋನು ನೀನೇ ಅಲ್ವಾ?”

ನಾನು, ಯಾವ ಹುತ್ತ ಎಂದೆ, ಲೇಔಟಿನಲ್ಲಿ ಹತ್ತಾರು ಇದ್ದವೇನೋ ಎಂಬಂತೆ.

“ಮಾಡಿ ಮ್ಯಾಲಿಂದ ನೋಡ್ದೆ ಕಣಪ್ಪಾ. ಬೂಟ್ ಆಕ್ಕಂಡು ಸೌಟಲ್ಲಿ ಆಲು ಉಯ್ತಿದ್ದೆ. ನಾಗಪ್ಪಂಗೆ ಸಾರು ಬಡಿಸ್ದಂಗೆ.”

ಮುಚ್ಚಿಡುವುದಕ್ಕೆ ಏನೂ ಉಳಿದಿರಲಿಲ್ಲ. ಕಾರ್ಡಿನ ಕೆಂಪು ಸೊನ್ನೆಯಿಂದ ಹಿಡಿದು ಚಪ್ಪಲಿ ಸ್ಟ್ಯಾಂಡಿನ ಹಿಂದಿನ ಕಲ್ಲುಗಳವರೆಗೆ ಎಲ್ಲವನ್ನೂ ಹೇಳಿಬಿಟ್ಟೆ. ಮಗನಿಗೆ ಯಾಕೆ ಹೇಳಲಿಲ್ಲ ನೀವು ಎಂದು ಕೇಳಿದೆ. ಅವರು ಕೈಯಲ್ಲಿದ್ದ ಕೋಲಿನಿಂದ ನೆಲ ಮುಟ್ಟಿ ತೋರಿಸಿದರು. ಇದು ಅವರ ರಾಗಿ ಕಣವಂತೆ. ಮದುವೆಯಾಗಿ ಬಂದ ವರ್ಷದಿಂದ ಸುಗ್ಗಿಯ ತೆನೆಯೆಲ್ಲ ಇಲ್ಲೇ ಹರಡಿ, ಎತ್ತು ಕಟ್ಟಿ ತುಳಿಸುತ್ತಿದ್ದರಂತೆ. ಸುತ್ತ ಎಲ್ಲಾ ಮನೆ ಮಾಡ್ಕಳ್ಳಿ, ಇಷ್ಟಾದ್ರೂ ಆಕಾಶ ಕಾಣ್ಲಿ ಎಂದು ಅವರಿಗೂ ಇತ್ತು. ಮಗನಿಗೆ ತಾವು ಹೇಳಿದ್ದರೆ ಕೇಳುತ್ತಿರಲಿಲ್ಲ, ನಾಗಪ್ಪ ಹೇಳಿದ್ದಕ್ಕೆ ಕೇಳಿದ ಎಂದು ನಕ್ಕರು. ಆಮೇಲೆ ನಗು ನಿಲ್ಲಿಸಿ ದೊನ್ನೆಗಳ ರಾಶಿಯ ಕಡೆ ನೋಡಿದರು.

“ಮಕ್ಳು ಓಡಾಡ್ಲಿ ಅಂತ ನೀನ್ ಮಾಡ್ದೆ. ಈಗ ಕುಂತ್ಕಂಡು ಉಣ್ತಾವೆ. ಎತ್ತಿಗೆ ಏನ್ ಮಾಡ್ತಿದ್ವಿ ಗೊತ್ತಾ? ಕಣ ಸುತ್ತೋಗಂಟ ಬಾಯ್ಗೆ ಕುಕ್ಕೆ. ಸುತ್ತು ಮುಗುದ್ಮೇಲೇ ಮೇವು.”

ಮಾರನೆಯ ಸಂಜೆ ಅಜ್ಜಿ ಪೊಂಗಲಿನ ಪಾತ್ರೆಯ ಮುಂದೆ ಕೋಲು ಅಡ್ಡ ಹಿಡಿದು ಕೂತರು. ಇನ್ನು ಮೇಲೆ ಮಕ್ಕಳಿಗೆ ಪ್ರಸಾದ ಬೇಕಾದರೆ ಇಪ್ಪತ್ತೊಂದು ಸುತ್ತು. ಕಟ್ಟೆಯ ಸುತ್ತಲ್ಲ, ಸೈಟಿನ ಅಂಚು ಹಿಡಿದು. ಹೆಂಗಸರು ಗೊಣಗಿದರು. ಪ್ರದಕ್ಷಿಣೆಯೆಂದರೆ ಕೈ ಮುಗಿದು ನಿಧಾನಕ್ಕೆ ಹೆಜ್ಜೆ ಇಡಬೇಕು, ಹೀಗೆ ಕುದುರೆಗಳ ಹಾಗೆ ಓಡುವುದುಂಟೇ ಎಂದು ಎದುರು ಮನೆಯ ಮೇಡಂ ಶಾಸ್ತ್ರ ತೆಗೆದರು. ದೊಡ್ಡೋರು ಮೆತ್ಗೆ ಸುತ್ಲಿ, ಮಕ್ಳು ಓಡ್ತವೆ ಬುಡಿ ಎಂದರು ಅಜ್ಜಿ. ಜಾಗ ಅವರದು, ವಯಸ್ಸು ಅವರದು, ಕೋಲೂ ಅವರದೇ. ಶಾಸ್ತ್ರ ಅಲ್ಲಿಗೆ ಮುಗಿಯಿತು.

ಮೊದಲ ದಿನವೇ ಇಬ್ಬರು ಹುಡುಗರು ಎದುರುಬದುರಾಗಿ ಓಡಿ ಹಣೆಗೆ ಹಣೆ ಹೊಡೆಸಿಕೊಂಡರು. ನನಗೆ ಅಷ್ಟು ಸಾಕಾಗಿತ್ತು. ಆ ಇಡೀ ರಾತ್ರಿ ಮುರಿದ ಮೂಗುಗಳ ಲೆಕ್ಕ ಹಾಕಿ, ಮಾರನೆಯ ದಿನದಿಂದ ಆಫೀಸಿನಿಂದ ಬೇಗ ಬಂದು ಸೈಟಿನ ಮೂಲೆಯಲ್ಲಿ ನಿಲ್ಲತೊಡಗಿದೆ. ನಿಯಮ ಒಂದೇ: ದೇವರು ಬಲಕ್ಕಿರಬೇಕು. ಎಲ್ಲರೂ ಒಂದೇ ದಿಕ್ಕು. ತಪ್ಪಿ ಯಾರಾದರೂ ಎದುರು ದಿಕ್ಕಿಗೆ ಓಡಿದರೆ ಎಷ್ಟೇ ಸುತ್ತು ಆಗಿದ್ದರೂ ಮತ್ತೆ ಒಂದರಿಂದ. ನೆಲದ ಮೇಲೆ ಸುಣ್ಣದಲ್ಲಿ ಬಾಣದ ಗುರುತು ಬರೆದೆ. ಬಲಗೈ ಎತ್ತಿ, ಬಲಕ್ಕೆ, ಬಲಕ್ಕಿರಲಿ ಎಂದು ಎಷ್ಟು ಕೂಗುತ್ತಿದ್ದೆನೆಂದರೆ, ಹೆಂಗಸರು ನನ್ನನ್ನು ಮಹಾ ಭಕ್ತನೆಂದು ತಿಳಿದು ಪ್ರಸಾದದಲ್ಲಿ ಗೋಡಂಬಿ ಆರಿಸಿ ಹಾಕುತ್ತಿದ್ದರು.

ಮಗಳು ಮೊದಲ ವಾರ ಐದು ಸುತ್ತಿಗೆ ಕುಸಿದು ಕೂತಳು. ಉಳಿದ ಹದಿನಾರನ್ನು ನಡೆದು ಮುಗಿಸುವಷ್ಟರಲ್ಲಿ ಪೊಂಗಲ್ ತಳ ಕಾಣುತ್ತಿತ್ತು. ಬಹುಶಃ ಆ ತಳವೇ ಅವಳನ್ನು ಓಡಿಸಿತು. ದಸರೆಗೆ ಹತ್ತು ಸುತ್ತು, ದೀಪಾವಳಿಗೆ ಇಪ್ಪತ್ತೊಂದೂ ನಿಲ್ಲದೆ. ಕ್ರಿಸ್‌ಮಸ್ ರಜೆಯ ಹೊತ್ತಿಗೆ ಸುತ್ತು ಮುಗಿಸಿದವರಲ್ಲಿ ಮೂರನೆಯವಳಾಗಿ ಬಂದು ದೊನ್ನೆ ಹಿಡಿಯುತ್ತಿದ್ದಳು. ತೂಕ ಇಳಿಯಿತೇ ಎಂದರೆ, ಮುಳ್ಳು ಇದ್ದಲ್ಲೇ ನಿಂತಿತ್ತು, ಅಷ್ಟೇ. ಕಾರ್ಡಿನ ಕೆಂಪು ಸೊನ್ನೆಯೂ ಹಾಗೇ ಇತ್ತು. ಆದರೆ ಬಸ್ಸಿನ ಮೆಟ್ಟಿಲಲ್ಲಿ ಕಂಬಿ ಹಿಡಿದು ನಿಲ್ಲುವುದು ನಿಂತಿತು. ಒಂದು ದಿನ ಶಾಲೆಯಿಂದ ಬಂದು, ಬ್ಯಾಗು ಎಸೆಯುತ್ತಾ, ಸ್ಪೋರ್ಟ್ಸ್ ಡೇಗೆ ಹೆಸರು ಕೊಟ್ಟಿದ್ದೀನಿ ಎಂದಳು. ಸುದ್ದಿ ಕೇಳಿ ಅಜ್ಜಿ ತಾವೂ ಬರುವುದಾಗಿ ಹಟ ಹಿಡಿದರು. ಹೀಗಾಗಿ ಆ ಬೆಳಿಗ್ಗೆ ಶಾಮಿಯಾನದಡಿ ನನ್ನ ಪಕ್ಕದ ಕುರ್ಚಿ ಅವರದು.

ಓಟ ಹೀಗಿತ್ತು. ಮೈದಾನದ ನಡುವೆ ಧ್ವಜದ ಕಂಬ, ಅದರ ಸುತ್ತ ದೂರದಲ್ಲಿ ಸುಣ್ಣದ ಪುಡಿಯಲ್ಲಿ ಎಳೆದ ದೊಡ್ಡ ವೃತ್ತ. ಹುಡುಗಿಯರು ಶಾಮಿಯಾನದ ಮುಂದಿನಿಂದ ಹೊರಟು, ನೇರ ಓಡಿ ವೃತ್ತ ಮುಟ್ಟಿ, ಅದರ ಮೇಲೆ ಪೂರ್ತಿ ಒಂದು ಸುತ್ತು ಹಾಕಿ, ಹೊರಟ ಗೆರೆಗೆ ವಾಪಸ್ಸು ಬರಬೇಕು. ಬೆಳಗಿನ ಉದ್ಘಾಟನೆಗೆಂದು ಕಂಬದ ಬುಡದಲ್ಲಿ ರಂಗೋಲಿ ಹಾಕಿ, ಚೆಂಡುಹೂವು ಸುರಿದು, ಒಂದು ದೀಪ ಹಚ್ಚಿಟ್ಟಿದ್ದರು. ಚೆನ್ನಾಗಿ ಕಾಣುತ್ತಿತ್ತು.

ಪಿ.ಟಿ. ಮಾಸ್ತರು ಸೀಟಿ ಊದಿದರು.

ಲೇಸು ಬಿಚ್ಚಲಿಲ್ಲ. ಇಡ್ಲಿ ಇದ್ದಲ್ಲೇ ಇತ್ತು. ಮೊಣಕೈ ಯಾರಿಗೂ ತಾಗಲಿಲ್ಲ. ಯಾರೋ ಹಿಂದಿನಿಂದ ‘ಡುಮ್ಮಿ’ ಎಂದು ಕೂಗಿದ್ದು ನನಗೆ ಕೇಳಿಸಿತು. ಅವಳಿಗೂ ಕೇಳಿಸಿರಬೇಕು, ನಿಲ್ಲಲಿಲ್ಲ. ಸುಣ್ಣದ ಗೆರೆ ಮುಟ್ಟಿದಾಗ ಅವಳ ಮುಂದೆ ಇದ್ದವರು ಇಬ್ಬರೇ. ನನ್ನ ಪಟ್ಟಿ ಒಂದೊಂದಾಗಿ ಹುಸಿಯಾಗುವುದನ್ನು ನೋಡುತ್ತಾ ನಾನು ಕುರ್ಚಿಯಿಂದ ಎದ್ದಿದ್ದೆ. ಆ ಇಬ್ಬರೂ ಬಲಕ್ಕೆ ತಿರುಗಿದರು. ಹಿಂದಿನಿಂದ ಬಂದ ಮೂವರೂ ಬಲಕ್ಕೆ ತಿರುಗಿದರು.

ನನ್ನ ಮಗಳು ಎಡಕ್ಕೆ ತಿರುಗಿದಳು. ಹೂವು, ರಂಗೋಲಿ, ದೀಪವಿದ್ದ ಕಂಬವನ್ನು ಭಕ್ತಿಯಿಂದ ತನ್ನ ಬಲಕ್ಕಿಟ್ಟುಕೊಂಡು, ನಾನು ನಾಲ್ಕು ತಿಂಗಳು ಕೂಗಿ ಕೂಗಿ ಕಲಿಸಿದ ಹಾಗೆ, ಒಬ್ಬಳೇ, ಓಡತೊಡಗಿದಳು.

ಮೈದಾನದ ಆಚೆ ತುದಿಯಲ್ಲಿ ಐವರೂ ಎದುರಾದರು. ಮುರಿದ ಮೂಗುಗಳು ನನ್ನ ಕಣ್ಣ ಮುಂದೆ ಬಂದುಹೋದವು. ಅವಳು ಗೆರೆಯಿಂದ ಒಂದು ಹೆಜ್ಜೆ ಹೊರಗೆ ಸರಿದು, ತಲೆ ಅಲ್ಲಾಡಿಸಿ, ತಪ್ಪು ದಿಕ್ಕಿಗೆ ಹೋಗುತ್ತಿದ್ದ ಆ ಐವರಿಗೂ ದಾರಿ ಬಿಟ್ಟು, ಮತ್ತೆ ಗೆರೆಗೆ ಬಂದು, ಇನ್ನೂ ಜೋರಾಗಿ ಓಡಿದಳು. ಶಾಮಿಯಾನದಲ್ಲಿ ಗಲಾಟೆ ಎದ್ದಿತು. ಅವಳು ಹೊರಟ ಗೆರೆ ದಾಟಿದಾಗ, ಅವಳಿಗಿಂತ ಮೊದಲು ಬಂದವರು ಮೂವರು, ಇನ್ನೂ ಬರಬೇಕಾದವರು ಇಬ್ಬರು. ಮಾಸ್ತರು ಪಟ್ಟಿ ನೋಡಿದರು, ಅವಳನ್ನು ನೋಡಿದರು, ಪೆನ್ನಿನ ಮುಚ್ಚಳ ಹಾಕಿದರು.

ಅವಳು ಏದುಸಿರು ಬಿಡುತ್ತಾ ನನ್ನ ಹತ್ತಿರ ಬಂದು, ಲಾಸ್ಟ್ ಅಲ್ಲ ಅಲ್ವಾ ಎಂದು ಕೇಳಿದಳು. ಅಲ್ಲ ಎಂದೆ. ಅದು ನಿಜವೂ ಆಗಿತ್ತು. ಎಲ್ಲಿ ತಪ್ಪಾಯಿತೆಂದು ಹೇಗೆ ಹೇಳುವುದು ಎಂದು ಯೋಚಿಸುವಷ್ಟರಲ್ಲಿ ನನ್ನ ಬಲಗೈ ಇನ್ನೂ ಮೇಲೆಯೇ ಇರುವುದು ಗಮನಕ್ಕೆ ಬಂತು. ಕೆಳಗಿಳಿಸಿದೆ.

ಪಕ್ಕದಲ್ಲಿ ಅಜ್ಜಿ ಎಲೆಗೆ ಸುಣ್ಣ ಸವರುತ್ತಾ, ಮೈದಾನದ ಕಡೆ ಕಣ್ಣು ಕಿರಿದು ಮಾಡಿ ನೋಡುತ್ತಿದ್ದರು.

“ಅಲ್ಲ ಕಣಪ್ಪಾ, ಮಿಕ್ಕಿದ್ ಮಕ್ಳೆಲ್ಲ ಯಾಕೆ ಇಂಗೆ ಉಲ್ಟಾ ಸುತ್ತಾವೆ? ಅವ್ಕೆ ಏಳ್ಕೊಡೋರು ಯಾರೂ ಇಲ್ವಾ?”